ವೈದ್ಯೆಯ ಉತ್ತರ: ತಪ್ಪು ಅಕ್ಕನದಲ್ಲ

ಪ್ರಶ್ನೆ: ನನ್ನ ಅಕ್ಕನಿಗೆ 46 ವರ್ಷ. ಗರ್ಭಕಂಠದ ಕ್ಯಾನ್ಸರ್ ಎಂದು ಗೊತ್ತಾಗಿದೆ. ವೈರಸ್‌ನಿಂದ ಬಂದದ್ದು ಎಂದು ಡಾಕ್ಟರು ಹೇಳಿದ ಮೇಲೆ ಮನೆಯಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತಿಲ್ಲ. ಭಾವನ ಮೇಲೆ ಅನುಮಾನ, ಅಕ್ಕನ ಬಗ್ಗೆ ಪಿಸುಮಾತು. ವೈರಸ್ಸಿಗೂ ಕ್ಯಾನ್ಸರಿಗೂ ಏನು ಸಂಬಂಧ? ನನ್ನ ಮಗಳಿಗೆ 12 ವರ್ಷ. ಭಯವಾಗುತ್ತಿದೆ.
– ನೊಂದ ಸೋದರಿ

ಉತ್ತರ: ಮೊದಲು ಆ ಪಿಸುಮಾತು ನಿಲ್ಲಿಸಿ, ತಂಗೀ. ಈ ವೈರಸ್ಸಿನ ಹೆಸರು ಎಚ್‌ಪಿವಿ. ದೇಹಸಂಪರ್ಕದಿಂದ ಹರಡುವ ಇದು ಹೆಚ್ಚಿನ ಗಂಡಸರಿಗೂ ಹೆಂಗಸರಿಗೂ ಬಾಳಿನಲ್ಲಿ ಒಮ್ಮೆಯಾದರೂ ತಗಲುತ್ತೆ. ಹತ್ತರಲ್ಲಿ ಸುಮಾರು ಒಂಬತ್ತು ಮಂದಿಗೆ ಎರಡು ವರ್ಷದೊಳಗೆ ತಾನಾಗಿಯೇ ಹೋಗಿಬಿಡುತ್ತೆ. ಕೆಲವರಲ್ಲಿ ಮಾತ್ರ ಸದ್ದಿಲ್ಲದೆ ಉಳಿಯುತ್ತೆ. ಅದು ಕ್ಯಾನ್ಸರ್ ಆಗಲು ಸಾಮಾನ್ಯವಾಗಿ 15–20 ವರ್ಷ ಹಿಡಿಯುತ್ತೆ. ಯಾರಿಂದ, ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಹಾಗಿರುವಾಗ ಯಾರನ್ನು ದೂರುತ್ತೀರಿ?

ಇನ್ನು ಸಂಬಂಧದ ಮಾತು. ನಮ್ಮ ಜೀವಕೋಶದೊಳಗೆ ಒಂದು ದೊಡ್ಡ ಅಡುಗೆ ಪುಸ್ತಕ ಇದೆ ಎಂದುಕೊಳ್ಳಿ. ಅದರ ಒಂದೊಂದು ಪುಟವೂ ಒಂದೊಂದು ಜೀನ್. ಎಲ್ಲ ಪುಟಗಳನ್ನೂ ದಿನಾ ತೆರೆಯೋದಿಲ್ಲ. ಹೋಳಿಗೆಯ ಪುಟ ಹಬ್ಬಕ್ಕೇ. 'ಒಂದು ಕೋಶ ಎರಡಾಗಲಿ' ಎನ್ನುವ ಪುಟಗಳೂ ಹಾಗೇ, ಗಾಯ ಮಾಯಬೇಕಾದಾಗ, ಸವೆದ ಜಾಗ ತುಂಬಬೇಕಾದಾಗ ಮಾತ್ರ. ಅವನ್ನು ತೆರೆಯುವ ಪ್ರೋಟೀನು ಇ2ಎಫ್. ಅದರ ಕೈ ಹಿಡಿದು ಕೂರಿಸಿಕೊಂಡಿರುವ ಹಿರಿಯಜ್ಜಿಯಂಥ ಪ್ರೋಟೀನು ಆರ್‌ಬಿ.

ವೈರಸ್ಸಿಗೆ ತನ್ನದೇ ಅಡುಗೆಮನೆ ಇಲ್ಲ. ನಮ್ಮ ಒಲೆ ಉರಿಯುತ್ತಿದ್ದರೇ ಅದರ ಸಂತಾನ ಬೆಳೆಯೋದು. ಆದ್ದರಿಂದ ಅದು ಇ7 ಎಂಬ ಪ್ರೋಟೀನನ್ನು ಕಳಿಸುತ್ತೆ. ಇ7 ಬಂದು ಅಜ್ಜಿಯನ್ನೇ ಕಟ್ಟಿಹಾಕುತ್ತೆ. ಬಿಡಿಸಿಕೊಂಡ ಇ2ಎಫ್ ಮುಚ್ಚಿದ್ದ ಪುಟಗಳನ್ನೆಲ್ಲ ತೆರೆದುಬಿಡುತ್ತೆ. ಕೋಶಗಳು ಹೊತ್ತುಗೊತ್ತಿಲ್ಲದೆ ಹೆಚ್ಚುತ್ತವೆ. ಇಂಥ ಕೆಟ್ಟ ಕೋಶವನ್ನು ತಡೆಯುವ ಕಾವಲುಗಾರ ಪಿ53. ಅದನ್ನೂ ವೈರಸ್ಸಿನ ಇನ್ನೊಂದು ಪ್ರೋಟೀನು ಇ6 ನಾಶಮಾಡಿಸುತ್ತೆ. ವರ್ಷಗಟ್ಟಲೆ ಹೀಗೇ ನಡೆದು, ತಪ್ಪಿನ ಮೇಲೆ ತಪ್ಪು ಸೇರಿದರೆ ಕ್ಯಾನ್ಸರ್.

ಜರ್ಮನಿಯ ಹೆರಾಲ್ಡ್ ಜುರ್ ಹೌಸೆನ್ ಅವರ ತಂಡ 1983–84ರಲ್ಲಿ ಈ ಕ್ಯಾನ್ಸರಿನಲ್ಲಿ ಎಚ್‌ಪಿವಿ 16 ಮತ್ತು 18 ಎಂಬ ಬಗೆಗಳನ್ನು ಗುರುತಿಸಿತು. ಅವರಿಗೆ 2008ರಲ್ಲಿ ನೊಬೆಲ್ ಬಹುಮಾನ ಬಂತು. ಸುಮಾರು ನೂರಕ್ಕೆ 70 ಗರ್ಭಕಂಠದ ಕ್ಯಾನ್ಸರುಗಳಿಗೆ ಈ ಎರಡೇ ಕಾರಣ.

ಕಾರಣ ಗೊತ್ತಾದದ್ದರಿಂದಲೇ ಲಸಿಕೆ ಬಂತು. 9ರಿಂದ 14 ವರ್ಷ ಅದಕ್ಕೆ ಒಳ್ಳೆಯ ವಯಸ್ಸು. ವೈರಸ್ ತಗಲುವ ಮೊದಲೇ ಕೊಡಿಸಬೇಕು. ಮಗಳಿಗೆ ತಡಮಾಡದೆ ಕೊಡಿಸಿ. ಈಗಾಗಲೇ ಒಳಗಿರುವ ವೈರಸ್ಸನ್ನು ಲಸಿಕೆ ಓಡಿಸದು. ಆದ್ದರಿಂದ 30 ದಾಟಿದ ನೀವು ತೊಂದರೆ ಏನೂ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಿ. ಪ್ಯಾಪ್ ಪರೀಕ್ಷೆ ಇದೆ, ಎಚ್‌ಪಿವಿ ಪರೀಕ್ಷೆ ಇದೆ. ವಿನೆಗರಿನಂಥ ದ್ರವ ಹಚ್ಚಿ ನೋಡುವ ಸುಲಭ ವಿಧಾನವೂ ಇದೆ. ಕ್ಯಾನ್ಸರ್ ಆಗುವ ಮೊದಲೇ ಕಂಡರೆ ಚಿಕಿತ್ಸೆ ಚಿಕ್ಕದು. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಗಂಡನೊಡನೆ ಸೇರಿದ ಮೇಲೆ ರಕ್ತ ಕಂಡರೆ, ವಾಸನೆಯ ಬಿಳಿಸೆರಗು ಇದ್ದರೆ ನಾಚಿಕೆ ಬಿಟ್ಟು ಡಾಕ್ಟರ ಹತ್ತಿರ ಹೋಗಿ.

ಅಕ್ಕನನ್ನು ಚಿಕಿತ್ಸೆಗೆ ಕರೆದೊಯ್ಯುವಾಗ ಭಾವನೂ ಜೊತೆಗಿರಲಿ. ಈಗ ಅವಳಿಗೆ ಔಷಧಿಯಷ್ಟೇ ಮನೆಯವರ ಮಾತೂ ಬೇಕು.