ನಂದಿ ಬೆಟ್ಟ ಯಾವ ಕಡೆ?

ಬಸ್ಸು ನಿಲ್ಲುವ ಮೊದಲೇ ಕಿಟಕಿಯೊಳಗೆ ಟವೆಲ್ ಎಸೆದು ಸೀಟು ಹಿಡಿಯುವವರಿಗೆ ದಿಕ್ಕಿನ ಲೆಕ್ಕ ಯಾರೂ ಹೇಳಿಕೊಡಬೇಕಿಲ್ಲ. ಬಸ್ಸು ಯಾವ ಊರಿನ ಕಡೆಗೆ, ಈಗ ಹೊತ್ತೆಷ್ಟು, ಬಿಸಿಲು ಯಾವ ಮಗ್ಗುಲಿಗೆ ಎಂಬುದೆಲ್ಲ ಟವೆಲ್ ಕೈಬಿಡುವಷ್ಟರಲ್ಲಿ ತೀರ್ಮಾನವಾಗಿರುತ್ತದೆ. ಅದೇ ಜನ ವಿಮಾನದ ಟಿಕೆಟ್ ಮಾಡುವಾಗ ಮಾತ್ರ ಈ ಜಾಣತನ ಮರೆಯುತ್ತಾರೆ. ಮೊಬೈಲಿನಲ್ಲಿ ಸೀಟುಗಳ ನಕ್ಷೆ ತೆರೆದುಕೊಳ್ಳುತ್ತದೆ, ‘ಎ’ ಅಥವಾ ‘ಎಫ್’ ಒತ್ತುತ್ತಾರೆ, ಮೇಲಷ್ಟು ದುಡ್ಡು ಕಟ್ಟುತ್ತಾರೆ. ಮೇಲೇರಿದ ಮೇಲೆ ಕಾಣುವುದು ಬರೀ ರೆಕ್ಕೆ.

ತಪ್ಪು ಪ್ರಯಾಣಿಕರದಷ್ಟೇ ಅಲ್ಲ. ಕಾಲು ಚಾಚಲು ಎಲ್ಲಿ ಜಾಗ ಹೆಚ್ಚು ಎಂದು ತೋರಿಸಿ ಬೆಲೆ ಕಟ್ಟುವ ಆ ನಕ್ಷೆಯಲ್ಲಿ, ಬಿಸಿಲು ಯಾವ ಕಡೆ, ಬೆಟ್ಟ ಯಾವ ಕಡೆ ಎಂಬ ಸುಳಿವಿರುವುದಿಲ್ಲ. ಕಿಟಕಿಯನ್ನು ಮಾರುವವರು ದಾರಿಯ ದಿಕ್ಕು ತೋರಿಸುವ ಒಂದು ಬಾಣವನ್ನಾದರೂ ಹಾಕಬಾರದೇ? ಬೋಯಿಂಗ್ 737ರ ಕೆಲವು ವಿಮಾನಗಳಲ್ಲಂತೂ ರೆಕ್ಕೆಗೆ ತುಸು ಮುಂದೆ ಒಂದು ಸಾಲಿಗೆ ಕಿಟಕಿಯೇ ಇಲ್ಲ. ಹವಾನಿಯಂತ್ರಣದ ಕೊಳವೆ ಆ ಗೋಡೆಯೊಳಗೆ ಹಾದುಹೋಗುತ್ತದೆ. ಕಿಟಕಿ ಸೀಟು ಎಂದು ನಂಬಿ ಕೂತವರಿಗೆ ಪಕ್ಕದಲ್ಲಿ ಸಿಗುವುದು ಪ್ಲಾಸ್ಟಿಕ್ ಗೋಡೆ.

ಸುಮಾರು 30 ಸಾಲುಗಳ ಏರ್‌ಬಸ್ ಎ320ರಲ್ಲಿ ನಡುವಿನ ಹತ್ತು ಸಾಲುಗಳಷ್ಟು ರೆಕ್ಕೆಯ ಪಾಲು. ಅದರ ಹಿಂದೆ ಕೂತರೆ ನೆಲ ಕಾಣುತ್ತದೆ, ಆದರೆ ಎಂಜಿನ್ನಿನ ಬಿಸಿಗಾಳಿಗೆ ದೃಶ್ಯ ನೀರಿನಲ್ಲಿ ಕಂಡಂತೆ ನಡುಗುತ್ತದೆ. ನೋಡಲೆಂದೇ ಕೂರುವವರಿಗೆ ರೆಕ್ಕೆಯ ಮುಂದಿನ ಸಾಲುಗಳೇ ವಾಸಿ. ಎಟಿಆರ್ 72 ಎಂಬ ಪಂಖದ ವಿಮಾನಕ್ಕೆ ಈ ತಾಪತ್ರಯವಿಲ್ಲ, ಅದರ ರೆಕ್ಕೆ ಕಿಟಕಿಗಳಿಗಿಂತ ಮೇಲಿದೆ. 2023ರಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣ ಶುರುವಾದಾಗ ಬೆಂಗಳೂರಿನಿಂದ ಅಲ್ಲಿಗೆ ಹಾರಿದ್ದು ಇದೇ ಬಗೆಯದು. ಚಿಕ್ಕದು, ಸದ್ದು ಜಾಸ್ತಿ ಎಂದು ಮೂಗು ಮುರಿಯುವವರಿದ್ದಾರೆ. ಅಡಿಕೆ ತೋಟ, ಕೆರೆ, ಗದ್ದೆಯ ಬದುಗಳನ್ನು ಒಂದೊಂದಾಗಿ ಗುರುತಿಸುವ ಆಸೆ ಇದ್ದರೆ ಇದಕ್ಕಿಂತ ಒಳ್ಳೆಯ ಗಾಡಿ ಇಲ್ಲ.

ಇನ್ನು ಎಡವೋ ಬಲವೋ. ಮೂಗಿನ ನೇರಕ್ಕೆ ಕೂತರೆ ‘ಎ’ ಎಡಕ್ಕೆ, ‘ಎಫ್’ ಬಲಕ್ಕೆ. ಬೆಂಗಳೂರಿನಿಂದ ದೆಹಲಿಗೆ ಬೆಳಿಗ್ಗೆ ಹೊರಟರೆ ಸೂರ್ಯ ಬಲಗಡೆ. ಕಣ್ಣು ಕುಕ್ಕದೆ ನೆಲ ನೋಡಬೇಕಾದವರು ಎಡಕ್ಕೆ ಕೂರಬೇಕು. ಸಂಜೆ ಇದು ತಿರುಗುಮುರುಗು. ಮುಕ್ತಿನಾಥಕ್ಕೆಂದು ದೆಹಲಿಯಿಂದ ಕಠ್ಮಂಡುವಿಗೆ ಹಾರುವವರು ಮಾತ್ರ ಬಿಸಿಲಿಗೆ ಅಂಜದೆ ‘ಎ’ ಹಿಡಿಯಬೇಕು. ಮೋಡವಿಲ್ಲದ ಅಕ್ಟೋಬರ್, ನವೆಂಬರಿನಲ್ಲಿ 8,167 ಮೀಟರ್ ಎತ್ತರದ ಧವಳಗಿರಿ, ಅದರ ಬೆನ್ನಿಗೆ ಅನ್ನಪೂರ್ಣ ಆ ಕಡೆಗೇ ಸಿಗುತ್ತವೆ. ಬರುವಾಗ ‘ಎಫ್’. ಹೋಗುವಾಗಲೂ ಬರುವಾಗಲೂ ‘ಎ’ ಎಂದು ಹಟ ಹಿಡಿದವರಿಗೆ ಮರಳುವ ದಾರಿಯಲ್ಲಿ ಬಯಲಷ್ಟೇ ಗತಿ.

ಎಲ್ಲಕ್ಕಿಂತ ಮಜವಾದ ಲೆಕ್ಕ ಮನೆಬಾಗಿಲಲ್ಲೇ ಇದೆ. ದೇವನಹಳ್ಳಿಯ ರನ್‌ವೇಗಳು ಪೂರ್ವ-ಪಶ್ಚಿಮವಾಗಿ ಮಲಗಿವೆ. 1,478 ಮೀಟರ್ ಎತ್ತರದ ನಂದಿ ಬೆಟ್ಟ ಅವುಗಳ ಉತ್ತರಕ್ಕಿದೆ. ವಿಮಾನ ಏರುವುದೂ ಇಳಿಯುವುದೂ ಗಾಳಿಗೆ ಎದುರಾಗಿ. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುವುದರಿಂದ ವಿಮಾನದ ಮುಖ ಸಾಮಾನ್ಯವಾಗಿ ಅತ್ತ, ಆಗ ನಂದಿ ಬಲಕ್ಕೆ. ಚಳಿಗಾಲದಲ್ಲಿ ಮೂಡಣ ಗಾಳಿ, ಬೆಟ್ಟ ಎಡಕ್ಕೆ. ಮಳೆಗಾಲದ ಮೋಡ ಬೆಟ್ಟವನ್ನೇ ನುಂಗುವುದೂ ಉಂಟು, ಹಾಗಾಗಿ ಡಿಸೆಂಬರಿನ ಎಡಗಡೆಯ ಸೀಟಿಗೇ ಒಂದು ತೂಕ ಜಾಸ್ತಿ.

ದಾರಿಯುದ್ದಕ್ಕೂ ಕಿಟಕಿ ಮುಚ್ಚಿ ಮೊಬೈಲ್ ನೋಡುತ್ತಿದ್ದವರೂ ಇಳಿಯುವ ಹೊತ್ತಿಗೆ ಅದನ್ನು ತೆರೆಯಲೇಬೇಕು. ಅವಘಡವಾದರೆ ಹೊರಗೇನಾಗಿದೆ ಎಂದು ಸಿಬ್ಬಂದಿಗೆ ಕಾಣಬೇಕೆಂದು ಆ ನಿಯಮ. ಗಗನಸಖಿ ಬಂದು ಕಿಟಕಿಯ ಮುಚ್ಚಳ ಸರಿಸುತ್ತಾಳೆ. ಹೊರಗೆ ದ್ರಾಕ್ಷಿ ತೋಟಗಳ ಆಚೆ, ಮಲಗಿದ ಬಸವನ ಬೆನ್ನಿನಂಥ ಬಂಡೆ.