ಬಾವಿ ಈಜು ಕಡಲಿಗೆ ಸಾಲದು

ರಜೆ ಬಂತೆಂದರೆ ಹನುಮಸಾಗರದ ಮಂದಿಗೆ ಗೋಕರ್ಣ, ಮುರುಡೇಶ್ವರದ ಹಂಬಲ. ಊರ ಹೆಸರಿನಲ್ಲಷ್ಟೇ ಸಾಗರ ಕಂಡವರು ನಾವು. ಹೋಗ್ರಿ, ಬ್ಯಾಡ ಅನ್ನುವವರಾರು? ದರ್ಶನ ಮಾಡ್ರಿ, 123 ಅಡಿಯ ಶಿವನನ್ನು ಕತ್ತೆತ್ತಿ ನೋಡ್ರಿ, ಮಿರ್ಜಾನ ಕೋಟೆ ಸುತ್ತಿ ಬರ್‍ರಿ. ನೀರಿಗಿಳಿಯುವ ಮುಂದ ಮಾತ್ರ ತಡೀರಿ.

2024ರ ಡಿಸೆಂಬರ್‌ನಲ್ಲಿ ಶಾಲಾ ಪ್ರವಾಸಕ್ಕೆ ಹೋದ ಮುಳಬಾಗಿಲು ಕಡೆಯ ನಾಲ್ವರು ಬಾಲಕಿಯರು ಮುರುಡೇಶ್ವರದಲ್ಲಿ ಕಡಲಪಾಲಾದರು. ಬಾವಿಯದು ನಿಂತ ನೀರು. ಕಡಲಿನ ಸೆಳವು ಒಳಕ್ಕೆಳೆಯುತ್ತದೆ. ಅದಕ್ಕೆ ಎದುರು ಈಜಿದರೆ ತೋಳು ಸೋಲುತ್ತವೆ. ದಂಡೆಗುಂಟ ಅಡ್ಡ ಈಜಿ ಸೆಳವಿನಿಂದ ಹೊರಬೀಳಬೇಕು. ಕೆಂಪು ಬಾವುಟ ಇದ್ದಲ್ಲಿ, ಜೀವರಕ್ಷಕರು ಇಲ್ಲದಲ್ಲಿ ಇಳಿಯಲೇಬಾರದು.

ಪಾಲಕರೇ, ಪ್ರವಾಸದ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವ ಮುಂದ ಬರೀ ರೊಕ್ಕ ಎಷ್ಟು ಅಂತ ಕೇಳಬ್ಯಾಡ್ರಿ. ಯಾವ ದಂಡೆ, ಎಷ್ಟು ಹೊತ್ತಿಗೆ, ಕಾಯುವವರು ಯಾರು ಎಂದು ಮಾಸ್ತರರನ್ನು ಕೇಳ್ರಿ.