ಹೊಸ ಕಾರು ಆಯಿಲ್ ಕುಡಿಯುತ್ತಿದೆಯೇ? ಸುಮ್ಮನಿರಬೇಡಿ!

ಗೆಳೆಯರೇ, ಸಾಲ ಮಾಡಿ ಕೊಂಡ ಕಾರಿಗೆ ವರ್ಷ ತುಂಬಿಲ್ಲ, ಆಗಲೇ 1000 ಕಿ.ಮೀ.ಗೆ ಅರ್ಧ ಲೀಟರ್ ಆಯಿಲ್ ಮಂಗಮಾಯ! ಕೇಳಿದರೆ "ಹೊಸ ಗಾಡಿ ಸಾರ್, ನಾರ್ಮಲ್" ಎಂದು ಸಾಗಹಾಕುತ್ತಾರೆ.

ನಂಬಬೇಡಿ. ಎಂಜಿನ್ ಪಳಗುವವರೆಗೆ ತುಸು ಹೆಚ್ಚು ಆಯಿಲ್ ಸುಡುವುದು ಸಹಜ. ಹತ್ತು ಸಾವಿರ ಕಿ.ಮೀ. ಓಡಿದ ಮೇಲೂ ಕುಡಿಯುತ್ತಿದ್ದರೆ, ಸೈಲೆನ್ಸರ್ ನೀಲಿ ಹೊಗೆ ಉಗುಳಿದರೆ, ಪಿಸ್ಟನ್ ರಿಂಗನ್ನೋ ವಾಲ್ವ್ ಸೀಲನ್ನೋ ಅನುಮಾನಿಸಿ.

ಮಟ್ಟಸ ನೆಲದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಐದು ನಿಮಿಷ ಬಿಟ್ಟು ಡಿಪ್‌ಸ್ಟಿಕ್ ನೋಡಿ, ಬರೆದಿಡಿ. ಆಯಿಲ್ ತುಂಬಿ, ಸೀಲ್ ಹಾಕಿ, 1000 ಕಿ.ಮೀ. ಓಡಿಸಿ ಅಳೆಯುವಂತೆ ಪಟ್ಟು ಹಿಡಿಯಿರಿ. ದೂರನ್ನು ಜಾಬ್ ಕಾರ್ಡಿನಲ್ಲಿ ಬರೆಸದೆ ಹೊರಬರಬೇಡಿ. ಬಾಯಿಮಾತಿನ ದೂರು ವಾರಂಟಿ ಮುಗಿದ ದಿನವೇ ಸತ್ತಂತೆ!

ಆಗಲೂ ಕಿವಿಗೊಡದಿದ್ದರೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಂತೆ ನಿಮ್ಮ ಜಿಲ್ಲೆಯ ಆಯೋಗದಲ್ಲೇ ದೂರು ಕೊಡಿ. ದುಡ್ಡು ಕೊಟ್ಟವರು ನೀವು, ಅಂಜಬೇಕಾದವರು ಅವರು!